ಪೋಸ್ಟರಿಗೆ ಬಾರದವರು

'ಹೋಟೆಲ್ ಕ್ಯಾಲಿಫೋರ್ನಿಯಾ' ಕೇಳದೆ ತೊಂಬತ್ತರ ದಶಕದ ಬೆಂಗಳೂರಿನಲ್ಲಿ ಯಾರಾದರೂ ಎಂಜಿನಿಯರಿಂಗ್ ಮುಗಿಸಿದ್ದರೆ ಅವರು ಕಾಲೇಜಿಗೇ ಹೋಗಿಲ್ಲ ಎಂದರ್ಥ. ಕಲ್ಚರಲ್ಸ್‌ನಲ್ಲಿ ವೇದಿಕೆ ಹತ್ತಿದ ತಂಡಗಳೆಲ್ಲ ಅದನ್ನು ನುಡಿಸುತ್ತಿದ್ದವು. ಬ್ರಿಗೇಡ್ ರೋಡಿನ ಪಬ್ಬುಗಳಲ್ಲಿ ಬಾಗಿಲು ಹಾಕುವ ಹೊತ್ತಿಗೆ ಅದೇ. ಹಾಸ್ಟೆಲಿನಲ್ಲಿ ಯಾವನಾದರೂ ಗಿಟಾರ್ ಕೊಂಡು ತಂದರೆ ಮೊದಲು ಕಲಿಯುತ್ತಿದ್ದುದೂ ಅದನ್ನೇ. ಅವನ ಬೆರಳ ತುದಿಯಲ್ಲಿ ಬೊಬ್ಬೆ ಬಂದು, ಒಡೆದು, ಚರ್ಮ ಗಟ್ಟಿಯಾಗುವ ಹೊತ್ತಿಗೆ ಇಡೀ ಬ್ಲಾಕಿಗೆ ಆ ಹಾಡು ಬಾಯಿಪಾಠವಾಗಿರುತ್ತಿತ್ತು.

ನಮ್ಮಲ್ಲಿ ಹೆಸರು ಹಿಡಿದು ಕರೆಯುವ ರೂಢಿ ಕಡಿಮೆ, ಊರು ಹಿಡಿದೇ ಕರೆಯುತ್ತಿದ್ದೆವು. ನಾನು ತಿಪಟೂರು. ಪಕ್ಕದ ರೂಮಿನವನು ಹಾಸನ. ಎದುರಿನವನು ಮೈಸೂರು. ಇನ್ನೊಬ್ಬ ಡೇ ಸ್ಕಾಲರ್, ಮನೆ ಕಾಕ್ಸ್ ಟೌನಿನಲ್ಲಿ. ಮನೆಗಿಂತ ಹೆಚ್ಚು ಹೊತ್ತು ನಮ್ಮ ಹಾಸ್ಟೆಲಿನಲ್ಲೇ ಬಿದ್ದಿರುತ್ತಿದ್ದ. ಅವನಿಗೆ ಕಂಟೋನ್ಮೆಂಟ್ ಎಂದೇ ಹೆಸರು. ಅವನ ಅಪ್ಪನ ಹತ್ತಿರ ರೆಕಾರ್ಡ್ ಪ್ಲೇಯರ್ ಇತ್ತು, ಗೋಡೆಯುದ್ದಕ್ಕೂ ಎಲ್‌ಪಿಗಳಿದ್ದವು. ನಾವೆಲ್ಲ ಪಿ.ಬಿ. ಶ್ರೀನಿವಾಸ್ ಕೇಳಿಕೊಂಡು ಬೆಳೆದ ವಯಸ್ಸಿನಲ್ಲಿ ಅವನು ಬೀಟಲ್ಸ್ ಕೇಳಿಕೊಂಡು ಬೆಳೆದಿದ್ದ. ಯಾವ ಬ್ಯಾಂಡು ದೊಡ್ಡದು, ಯಾವುದು ಸುಮ್ಮನೆ ಹವಾ ಎಂಬ ತೀರ್ಪು ಕೊಡುವ ಅಧಿಕಾರ ತನ್ನದೇ ಎಂದು ಅವನು ನಂಬಿದ್ದ. ಬಹಳ ದಿನ ನಾವೂ ನಂಬಿದ್ದೆವು.

'ಹೋಟೆಲ್ ಕ್ಯಾಲಿಫೋರ್ನಿಯಾ' ಓವರ್‌ರೇಟೆಡ್ ಎಂದು ಒಂದು ಸಂಜೆ ಘೋಷಿಸಿದವನೂ ಅವನೇ. ಅದನ್ನು ಹೇಳಲು ಅವನು ಆರಿಸಿಕೊಂಡ ಗಳಿಗೆ ಮಾತ್ರ ಕೆಟ್ಟದ್ದು. ಹಾಸನದವನು ಆಗಷ್ಟೇ ಆ ಹಾಡಿನ ಕೊನೆಯ ಭಾಗವನ್ನು ಪೂರ್ತಿ ನುಡಿಸಿ ಗಿಟಾರ್ ಕೆಳಗಿಟ್ಟಿದ್ದ. ಈಗಲ್ಸ್ ತಂಡದ ಡಾನ್ ಫೆಲ್ಡರ್ ಮತ್ತು ಜೋ ವಾಲ್ಶ್ ಎರಡು ಗಿಟಾರುಗಳಲ್ಲಿ ಮೊದಲು ಸರದಿಯ ಮೇಲೆ ಮಾತಾಡಿಕೊಂಡು, ಆಮೇಲೆ ಜೊತೆಜೊತೆಯಾಗಿ ಇಳಿದು ಬರುವ ಭಾಗ ಅದು. ಇವನ ಹತ್ತಿರ ಇದ್ದದ್ದು ಒಂದೇ ಗಿಟಾರ್, ಅದೂ ಸೆಕೆಂಡ್‌ಹ್ಯಾಂಡು. ನೋಟೇಶನ್ ಓದಲು ಬಾರದು. ಟೇಪನ್ನು ಹಿಂದಕ್ಕೆ ಓಡಿಸಿ, ಮತ್ತೆ ಹಿಂದಕ್ಕೆ ಓಡಿಸಿ, ಕಿವಿಯಲ್ಲೇ ಹಿಡಿದು ಕಲಿತಿದ್ದ. ಕನ್ನಡ ಮೀಡಿಯಮ್ಮಿನ ಹುಡುಗ, ಬೆಂಗಳೂರಿಗೆ ಬರುವ ತನಕ ಒಂದೇ ಒಂದು ಇಂಗ್ಲಿಷ್ ಹಾಡು ಗೊತ್ತಿರಲಿಲ್ಲ.

ಕಂಟೋನ್ಮೆಂಟಿನವನ ಮಾತು ಕೇಳಿ ಹಾಸನ ತಲೆಯೆತ್ತಿ ಹೇಳಿದ್ದು ಒಂದೇ ಮಾತು: "ನಾನು ಕಲಿಯೋವರೆಗೂ ಚೆನ್ನಾಗೇ ಇತ್ತಲ್ಲೋ ಮಗಾ."

ರೂಮಿನಲ್ಲಿ ಯಾರೂ ನಗಲಿಲ್ಲ. ಆಮೇಲೆ ಎಲ್ಲರೂ ನಕ್ಕರು. ಕಂಟೋನ್ಮೆಂಟ್ ಮಾತ್ರ ನಗಲಿಲ್ಲ.

ಈಗಲ್ಸ್ ತಂಡದ ಮೇಲೆ ಮೂಗು ಮುರಿಯುವವರು ಅಮೆರಿಕದಲ್ಲೂ ಬೇಕಾದಷ್ಟು ಮಂದಿ. ಅಲ್ಲಿನ ವಿಮರ್ಶಕರಿಗೆ ಈ ತಂಡ ಎಂದೂ ಸರಿಬಂದದ್ದಿಲ್ಲ. ತೀರಾ ನಯ, ತೀರಾ ಲೆಕ್ಕಾಚಾರ ಎಂಬ ದೂರು ಎಪ್ಪತ್ತರ ದಶಕದಿಂದಲೂ ಇದೆ. ಜನ ಮಾತ್ರ ಕೇಳುತ್ತಲೇ ಹೋದರು. 1976ರಲ್ಲಿ ಬಂದ ಅವರ ಆಯ್ದ ಹಾಡುಗಳ ಸಂಕಲನಕ್ಕೆ ಅಮೆರಿಕದ ರೆಕಾರ್ಡಿಂಗ್ ಉದ್ಯಮದ ಸಂಘ 2018ರಲ್ಲಿ ಕೊಟ್ಟ ಲೆಕ್ಕ 3.8 ಕೋಟಿ ಪ್ರತಿ. ಆ ದೇಶದಲ್ಲಿ ಅದಕ್ಕಿಂತ ಹೆಚ್ಚು ಮಾರಾಟವಾದ ಆಲ್ಬಂ ಇನ್ನೊಂದಿಲ್ಲ. ಆ ಸಂಕಲನದಲ್ಲಿ 'ಹೋಟೆಲ್ ಕ್ಯಾಲಿಫೋರ್ನಿಯಾ' ಇಲ್ಲವೇ ಇಲ್ಲ. ಆ ಹಾಡು ಹೊರಬಂದದ್ದು ಅದೇ ವರ್ಷದ ಡಿಸೆಂಬರಿನಲ್ಲಿ.

ಇಷ್ಟು ಜನಕ್ಕೆ ಹಿಡಿಸಿದ್ದನ್ನು ಓವರ್‌ರೇಟೆಡ್ ಎನ್ನುವವರ ಮಾತಿನಲ್ಲಿ ಸಂಗೀತದ ಪಾಲು ಎಷ್ಟು, ತನ್ನದಾಗಿದ್ದದ್ದು ಕಂಡಕಂಡವರ ಕೈಗೆ ಸಿಕ್ಕಿಬಿಟ್ಟಿತಲ್ಲ ಎಂಬ ಹೊಟ್ಟೆಯುರಿಯ ಪಾಲು ಎಷ್ಟು? ಹಾಸನದವನ ಪ್ರಶ್ನೆ ಅದೇ ಆಗಿತ್ತು. ನಮ್ಮ ರುಚಿಯಾದರೂ ಎಲ್ಲಿಂದ ಬಂತು? ಎಚ್‌ಎಂವಿ, ಮ್ಯಾಗ್ನಾಸೌಂಡ್ ಕಂಪನಿಗಳು ಯಾವುದನ್ನು ಕ್ಯಾಸೆಟ್ ಮಾಡಿ ಮಾರಿದವೋ ಅದು. ಒಂದು ಇಂಗ್ಲಿಷ್ ಕ್ಯಾಸೆಟ್ಟಿನ ದುಡ್ಡಿಗೆ ಕನ್ನಡ ಸಿನಿಮಾದ್ದು ಎರಡು ಮೂರು ಬರುತ್ತಿದ್ದ ಕಾಲ. ಒಬ್ಬ ಕೊಂಡರೆ ಖಾಲಿ ಕ್ಯಾಸೆಟ್ಟಿಗೆ ಇಳಿಸಿಕೊಳ್ಳುವವರು ಹತ್ತು ಮಂದಿ. ಕೊಳ್ಳುವವನು ಧೈರ್ಯ ಮಾಡಿ ಗೊತ್ತಿಲ್ಲದ ತಂಡದ್ದನ್ನು ತರುತ್ತಿರಲಿಲ್ಲ, ಗ್ಯಾರಂಟಿ ಇರುವುದನ್ನೇ ತರುತ್ತಿದ್ದ. ಹಾಗೆ ಆರೇಳು ತಂಡಗಳು ನಮ್ಮ ಪಾಲಿನ ಇಡೀ ರಾಕ್ ಸಂಗೀತವಾದವು: ಪಿಂಕ್ ಫ್ಲಾಯ್ಡ್, ಲೆಡ್ ಜೆಪ್ಪೆಲಿನ್, ಡೀಪ್ ಪರ್ಪಲ್, ಡೋರ್ಸ್, ಡೈರ್ ಸ್ಟ್ರೇಟ್ಸ್, ಐರನ್ ಮೇಡನ್, ಮೆಟಾಲಿಕಾ. ರೆಸ್ಟ್ ಹೌಸ್ ರೋಡಿನ ಪೆಕೋಸ್‌ನಲ್ಲಿ ಗೋಡೆ ತುಂಬ ಇದ್ದ ಮುಖಗಳೂ ಹೆಚ್ಚುಕಡಿಮೆ ಇವರವೇ.

ಲೆಡ್ ಜೆಪ್ಪೆಲಿನ್ ಮೇಲಿನ ಆರೋಪ ಬೇರೆ ಥರದ್ದು, ಕದ್ದ ಮಾಲಿನದು. ಅವರ 1969ರ 'ಹೋಲ್ ಲಾಟಾ ಲವ್' ಹಾಡು ಶಿಕಾಗೋದ ಕಪ್ಪು ಸಂಗೀತಗಾರ ವಿಲ್ಲಿ ಡಿಕ್ಸನ್ ಬರೆದು, ಮಡ್ಡಿ ವಾಟರ್ಸ್ 1962ರಲ್ಲಿ ಹಾಡಿದ ಹಾಡಿನಿಂದ ಎತ್ತಿದ್ದು. ಡಿಕ್ಸನ್ 1985ರಲ್ಲಿ ಕೋರ್ಟಿಗೆ ಹೋದ, ಎರಡು ವರ್ಷದ ಮೇಲೆ ರಾಜಿಯಾಯಿತು, ಅವನ ಹೆಸರು ಹಾಡಿಗೆ ಸೇರಿತು. 'ಸ್ಟೇರ್‌ವೇ ಟು ಹೆವನ್' ಮೇಲೂ ದಾವೆ ನಡೆಯಿತು, ಆದರೆ ಅದರಲ್ಲಿ ಜೆಪ್ಪೆಲಿನ್ನೇ ಗೆದ್ದಿತು. 2020ರಲ್ಲಿ ಮೇಲ್ಮನವಿ ಕೋರ್ಟೂ ಎತ್ತಿಹಿಡಿಯಿತು. ಹಾಸ್ಟೆಲಿನಲ್ಲಿ ಈ ಜಗಳ ಹೆಚ್ಚು ದಿನ ನಡೆಯಲಿಲ್ಲ. ಟ್ಯೂನ್ ಕದಿಯುವುದು ಅಷ್ಟು ದೊಡ್ಡ ಅಪರಾಧವಾದರೆ ನಮ್ಮ ಸಿನಿಮಾದವರನ್ನೆಲ್ಲ ಎಲ್ಲಿ ಬಚ್ಚಿಡುವುದು ಎಂದು ಯಾರೋ ಕೇಳಿದರು, ಅಲ್ಲಿಗೆ ಮುಗಿಯಿತು. ಡಿಕ್ಸನ್‌ನ ಒಂದೇ ಒಂದು ಕ್ಯಾಸೆಟ್ ನಮ್ಮ ಹಾಸ್ಟೆಲಿನಲ್ಲಿ ಇರಲಿಲ್ಲ ಎಂಬುದನ್ನು ಮಾತ್ರ ಯಾರೂ ಗಮನಿಸಲಿಲ್ಲ.

ಪಿಂಕ್ ಫ್ಲಾಯ್ಡ್ ವಿಷಯಕ್ಕೆ ಕೈಹಾಕಿದರೆ ಹೊಡೆದಾಟವೇ. 1973ರ 'ದ ಡಾರ್ಕ್ ಸೈಡ್ ಆಫ್ ದ ಮೂನ್' ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 1988ರವರೆಗೆ ಒಟ್ಟು 741 ವಾರ ಕೂತಿತ್ತು ಎಂಬುದು ನಮಗೆಲ್ಲ ಮಗ್ಗಿಯ ಥರ ಗೊತ್ತಿತ್ತು. ಅದರಲ್ಲಿ ರೋಜರ್ ವಾಟರ್ಸ್ ದೊಡ್ಡವನೋ ಗಿಟಾರಿನ ಡೇವಿಡ್ ಗಿಲ್ಮರ್ ದೊಡ್ಡವನೋ ಎಂದು ಬೆಳಗಿನ ಜಾವದವರೆಗೆ ಗಂಟಲು ಹರಿದುಕೊಂಡಿದ್ದೇವೆ. ನನ್ನನ್ನು ಆ ಆಲ್ಬಮ್ಮಿಗೆ ಕಟ್ಟಿಹಾಕಿದ್ದು ಅವರಿಬ್ಬರೂ ಅಲ್ಲ. ಮೊದಲ ಮಗ್ಗುಲಿನ ಕೊನೆಗೆ ಒಬ್ಬ ಹೆಂಗಸು ಒಂದೂ ಪದವಿಲ್ಲದೆ, ಬರೀ ದನಿಯಲ್ಲಿ ಕೂಗಿ, ಗೋಗರೆದು, ಕೊನೆಗೆ ಪಿಸುಮಾತಿಗೆ ಇಳಿಯುತ್ತಾಳೆ. ಯಾರೆಂದು ನಮಗೆ ಗೊತ್ತಿರಲಿಲ್ಲ, ಕ್ಯಾಸೆಟ್ಟಿನ ಒಳಹಾಳೆಯಲ್ಲಿ ಓದಿದವರೂ ಇಲ್ಲ. ಅವಳು ಕ್ಲೇರ್ ಟೋರಿ. 1973ರ ಜನವರಿಯ ಒಂದು ಭಾನುವಾರ ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋಕ್ಕೆ ಕರೆಸಿದರು, ಮಾತು ಬೇಡ, ದನಿ ಸಾಕು ಎಂದರು. ಹಾಡಿದಳು, 30 ಪೌಂಡ್ ಈಸಿಕೊಂಡು ಹೋದಳು. ಆ ರಾಗ ತಾನು ಆ ಗಳಿಗೆಯಲ್ಲಿ ಕಟ್ಟಿದ್ದು, ಹಾಗಾಗಿ ರಚನೆಯಲ್ಲಿ ತನಗೂ ಪಾಲಿದೆ ಎಂದು 2004ರಲ್ಲಿ ಕೋರ್ಟಿಗೆ ಹೋದಳು. ಮರುವರ್ಷ ರಾಜಿಯಾಗಿ, ಅಲ್ಲಿಂದ ಮುಂದಿನ ಪ್ರತಿಗಳಲ್ಲಿ ತಂಡದ ರಿಚರ್ಡ್ ರೈಟ್ ಹೆಸರಿನ ಜೊತೆ ಅವಳ ಹೆಸರೂ ಬಂತು. ಮೂವತ್ತೆರಡು ವರ್ಷ ಹಿಡಿಯಿತು ನೋಡಿ.

ಅದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಓವರ್‌ರೇಟೆಡ್ ಯಾರು ಎಂದು ನಾವು ತಿಂಗಳುಗಟ್ಟಲೆ ಕಿತ್ತಾಡುತ್ತಿದ್ದದ್ದು ಬರೀ ಪೋಸ್ಟರಿನ ಮೇಲಿನ ಮುಖಗಳ ಬಗ್ಗೆ. ಪೋಸ್ಟರಿಗೆ ಬಾರದವರ ಲೆಕ್ಕವನ್ನು ಯಾರೂ ಇಟ್ಟಿರಲಿಲ್ಲ.

2002ರ ಏಪ್ರಿಲ್‌ನಲ್ಲಿ ರೋಜರ್ ವಾಟರ್ಸ್ ಅರಮನೆ ಮೈದಾನಕ್ಕೆ ಬಂದ. ಗಿಲ್ಮರ್ ಜೊತೆಗಿರಲಿಲ್ಲ; ವಾಟರ್ಸ್ ತಂಡ ಬಿಟ್ಟು ಆಗಲೇ ಹದಿನೇಳು ವರ್ಷವಾಗಿತ್ತು. 'ಕಂಫರ್ಟಬ್ಲಿ ನಂಬ್' ಬಂದಾಗ ಗಿಲ್ಮರ್‌ನ ಪ್ರಸಿದ್ಧ ಗಿಟಾರ್ ಭಾಗವನ್ನು ಬೇರೆಯವರು ನುಡಿಸಿದರು. ನಮ್ಮ ಗುಂಪಿನ ಗಿಲ್ಮರ್ ಪಕ್ಷದವರೂ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದರು. ಯಾರ ಕೈ ಎಂದು ಆಗ ಯಾರಿಗೆ ಬೇಕಿತ್ತು?

ಮುಂದಿನ ವರ್ಷ ಏಪ್ರಿಲ್ 4ಕ್ಕೆ ಅದೇ ಮೈದಾನಕ್ಕೆ ರೋಲಿಂಗ್ ಸ್ಟೋನ್ಸ್ ಬಂದರು. ಅಷ್ಟು ಹೊತ್ತಿಗೆ ನನಗೆ ಕೆಲಸ ಸಿಕ್ಕಿತ್ತು, ಟಿಕೆಟ್ಟಿಗೆ ಯಾರ ಹತ್ತಿರವೂ ಸಾಲ ಮಾಡಬೇಕಾಗಿರಲಿಲ್ಲ. ಮಳೆ ಹೊಡೆದು ಮೈದಾನವೆಲ್ಲ ಕೆಸರು. ಅರವತ್ತಕ್ಕೆ ಕೆಲವೇ ತಿಂಗಳು ಬಾಕಿ ಇದ್ದ ಮಿಕ್ ಜ್ಯಾಗರ್ ಆ ತುದಿಯಿಂದ ಈ ತುದಿಗೆ ಓಡುತ್ತಿದ್ದ, ಎಲ್ಲರ ಕಣ್ಣೂ ಅವನ ಮೇಲೆ. ಮೈಸೂರಿನವನು ನನ್ನ ಭುಜ ಹಿಡಿದು, "ಅವನ್ನ ಬಿಡೋ, ಹಿಂದೆ ಕೂತಿರೋ ಮುದುಕನ ಬಲಗೈ ನೋಡು" ಎಂದ. ಡ್ರಮ್ಸ್ ಹಿಂದೆ ಚಾರ್ಲಿ ವಾಟ್ಸ್, ಯಾರದೋ ಮನೆಗೆ ಕಾಫಿಗೆ ಬಂದವನ ಹಾಗೆ ನೆಟ್ಟಗೆ ಕೂತಿದ್ದ. ಸುತ್ತಲೂ ಬೆರಳೆಣಿಕೆಯ ಡ್ರಮ್ಮುಗಳು. ಬೇರೆ ರಾಕ್ ಡ್ರಮ್ಮರುಗಳು ಎಡಗೈ ಸ್ನೇರ್ ಮೇಲೆ ಬೀಳುವಾಗಲೂ ಬಲಗೈಯಲ್ಲಿ ಹೈ-ಹ್ಯಾಟ್ ತಾಳವನ್ನು ಹೊಡೆಯುತ್ತಲೇ ಇರುತ್ತಾರೆ. ವಾಟ್ಸ್ ಹಾಗಲ್ಲ. ಸ್ನೇರ್ ಬೀಳುವ ಎಣಿಕೆಗೆ ಅವನ ಬಲಗೈ ತಾಳದಿಂದ ಮೇಲಕ್ಕೆದ್ದು ಗಾಳಿಯಲ್ಲಿ ನಿಲ್ಲುತ್ತಿತ್ತು, ಮತ್ತೆ ಇಳಿಯುತ್ತಿತ್ತು. ಆ ಒಂದು ಪೆಟ್ಟು ಬಿಟ್ಟುಕೊಟ್ಟದ್ದರಿಂದಲೇ ಸ್ನೇರ್ ಒಂಟಿಯಾಗಿ ಕೇಳುತ್ತದೆ, ಸ್ಟೋನ್ಸ್ ಹಾಡುಗಳಿಗೆ ಆ ತೂಗಾಟ ಬರುತ್ತದೆ. ದೊಡ್ಡ ಪರದೆಯ ಮೇಲೆ ಕ್ಯಾಮೆರಾ ಅವನ ಕಡೆ ತಿರುಗಿದ್ದೇ ಕಡಿಮೆ, ತಿರುಗಿದಾಗ ನೋಡಿದೆವು. 2021ರ ಆಗಸ್ಟ್‌ನಲ್ಲಿ, ಎಂಬತ್ತನೇ ವಯಸ್ಸಿಗೆ ಅವನು ತೀರಿಕೊಂಡ ದಿನ ಮೈಸೂರಿನವನು ನಡುರಾತ್ರಿ ಫೋನ್ ಮಾಡಿದ್ದ.

ಮೈಸೂರಿನವನ ಬಗ್ಗೆ ಹೇಳಲೇಬೇಕು. ಅಗ್ರಹಾರದ ಹುಡುಗ. ಸೋದರಮಾವ ಮೃದಂಗ ನುಡಿಸುತ್ತಿದ್ದರು, ಇವನೂ ಎಸ್ಸೆಸ್ಸೆಲ್ಸಿವರೆಗೆ ಕಲಿತು ಬಿಟ್ಟಿದ್ದ. ಹಾಸ್ಟೆಲಿನಲ್ಲಿ ರಿಂಗೊ ಸ್ಟಾರ್ ಪರವಾಗಿ ವಕಾಲತ್ತು ವಹಿಸಿದ ಏಕೈಕ ಮನುಷ್ಯ ಅವನು. ಉಳಿದವರಿಗೆಲ್ಲ ರಿಂಗೊ ಒಂದು ಜೋಕು: ಲಾಟರಿ ಹೊಡೆದವನು, ಬೀಟಲ್ಸ್ ಬೆನ್ನಿಗೆ ಜೋತುಬಿದ್ದು ಲೋಕಪ್ರಸಿದ್ಧನಾದವನು, ಹೃಷಿಕೇಶದ ಆಶ್ರಮಕ್ಕೂ ಡಬ್ಬಿ ಬೀನ್ಸ್ ಕಟ್ಟಿಕೊಂಡು ಹೋದ ಆಸಾಮಿ. ಬೀಟಲ್ಸ್‌ನೊಳಗೇ ಅವನಿಗಿಂತ ಚೆನ್ನಾಗಿ ಡ್ರಮ್ಸ್ ನುಡಿಸುವವರಿದ್ದರು ಎಂದು ಜಾನ್ ಲೆನನ್ನನೇ ಹೇಳಿದ್ದಾನಂತೆ ಎಂದು ಕಂಟೋನ್ಮೆಂಟ್ ಪದೇಪದೇ ಎಸೆಯುತ್ತಿದ್ದ. ಲೆನನ್ ಹಾಗೆ ಹೇಳಿದ್ದಕ್ಕೆ ದಾಖಲೆಯೇ ಇಲ್ಲ. 1980ರ ಡಿಸೆಂಬರಿನಲ್ಲಿ ಅವನ ಕೊಲೆಯಾದ ಮೇಲೆ ಬ್ರಿಟನ್ನಿನ ಹಾಸ್ಯ ಕಾರ್ಯಕ್ರಮಗಳಲ್ಲಿ ಹುಟ್ಟಿ, ಸತ್ತವನ ಬಾಯಿಗೆ ಅಂಟಿಸಿದ ಕುಹಕ ಅದು.

ಮೈಸೂರಿನವನ ವಾದ ಬೇರೆ ದಾರಿಯಲ್ಲಿ ಬರುತ್ತಿತ್ತು. "ರಿಂಗೊ ಎಡಚ ಕಣೋ," ಎನ್ನುತ್ತಿದ್ದ, "ಆದ್ರೆ ಕೂರೋದು ಬಲಗೈಯವರ ಸೆಟ್‌ ಮುಂದೆ." ಎಡಗೈ ಮುಂದಾಗಿ ಹೊರಡುವುದರಿಂದ ಒಂದು ಡ್ರಮ್ಮಿನಿಂದ ಮುಂದಿನದಕ್ಕೆ ಹೋಗಲು ಬಲಗೈಯವರ ದಾರಿ ಅವನಿಗೆ ಒಗ್ಗದು. ಹಾಗಾಗಿ ಪಲ್ಲವಿಗೂ ಚರಣಕ್ಕೂ ನಡುವೆ ತುಂಬುವ ತುಂಡುಗಳಲ್ಲಿ ಅರೆಗಳಿಗೆ ತಡ, ಒಂದು ಸಣ್ಣ ಮುಗ್ಗರಿಕೆ, ಮತ್ತೆ ಸರಿಯಾಗಿ ಸಮಕ್ಕೆ ಬಂದು ನಿಲ್ಲುವುದು. ಪಳನಿ ಸುಬ್ರಮಣ್ಯ ಪಿಳ್ಳೆ ಎಡಗೈಯಲ್ಲಿ ಮೃದಂಗ ನುಡಿಸುತ್ತಿದ್ದರು. ಅವರು ಕಛೇರಿಗೆ ಕೂತರೆ ವೇದಿಕೆ ಮೇಲೆ ಪಿಟೀಲಿನವರ ಜಾಗವೇ ಅದಲುಬದಲಾಗಬೇಕಾಗಿತ್ತು, ಅದೇ ಕಾರಣಕ್ಕೆ ಅವರಿಗೆ ಕಛೇರಿಗಳೂ ಕೈತಪ್ಪಿದ್ದವು ಎಂದು ಮಾವನಿಂದ ಕೇಳಿದ್ದನ್ನು ಹೇಳುತ್ತಿದ್ದ. ರಿಂಗೊ ಜಾಗ ಬದಲಿಸು ಎನ್ನಲಿಲ್ಲ, ಇದ್ದದ್ದರಲ್ಲೇ ತನ್ನ ದಾರಿ ಹುಡುಕಿಕೊಂಡ.

ಆಮೇಲೆ 'ಎ ಡೇ ಇನ್ ದ ಲೈಫ್' ಹಾಕಿಸುತ್ತಿದ್ದ. ಲೆನನ್ ಒಂದು ಸಾಲು ಹಾಡಿ ಉಸಿರು ತೆಗೆದುಕೊಳ್ಳುವ ಕಡೆ ಡ್ರಮ್ಸ್ ಬಂದು ಆ ಸಾಲಿಗೆ ಉತ್ತರ ಕೊಟ್ಟು ಹೋಗುತ್ತದೆ. ಸಾಲು ನಡೆಯುತ್ತಿರುವಾಗ ಅಡ್ಡ ಬರುವುದಿಲ್ಲ. "ಇದೇ ಪಕ್ಕವಾದ್ಯ. ಹಾಡೋರಿಗೆ ಜಾಗ ಬಿಡೋದು ಗೊತ್ತಿರಬೇಕು," ಎನ್ನುತ್ತಿದ್ದ. ಬೀಟಲ್ಸ್‌ನ ಅಷ್ಟೂ ಆಲ್ಬಮ್ಮುಗಳಲ್ಲಿ ರಿಂಗೊ ಒಬ್ಬನೇ ನುಡಿಸಿದ ಸೋಲೋ ಇರುವುದು ಒಂದೇ, 1969ರ 'ಆ್ಯಬಿ ರೋಡ್' ಕೊನೆಯಲ್ಲಿ, ಅದೂ ಉಳಿದವರು ಒತ್ತಾಯ ಮಾಡಿದ ಮೇಲೆ, ಹದಿನೈದಿಪ್ಪತ್ತು ಸೆಕೆಂಡು. ತನಿ ಆವರ್ತನ ಕೇಳಿ ಪಡೆಯುವ ಜನರ ನಡುವೆ ಬೆಳೆದ ಮೈಸೂರಿನವನಿಗೆ ಇದೊಂದೇ ಸಾಕಾಗಿತ್ತು.

ಇನ್ನೂ ಅನುಮಾನ ಇರುವವರಿಗೆ ಅವನ ಹತ್ತಿರ ಮತ್ತೊಂದು ಸಾಕ್ಷಿ ಇತ್ತು. 1968ರ ಆಗಸ್ಟ್‌ನಲ್ಲಿ ರಿಂಗೊ ಮುನಿಸಿಕೊಂಡು ತಂಡ ಬಿಟ್ಟು ಹೋದ. 'ಬ್ಯಾಕ್ ಇನ್ ದ ಯುಎಸ್ಎಸ್ಆರ್' ಹಾಡಿಗೆ ಪಾಲ್ ಮೆಕಾರ್ಟ್ನಿಯೇ ಡ್ರಮ್ಸ್ ನುಡಿಸಬೇಕಾಯಿತು. ಕೇಳಿ ನೋಡಿ, ತಪ್ಪೇನಿಲ್ಲ, ತಾಳ ಸರಿಯಾಗಿಯೇ ಇದೆ, ಹಾಡು ಓಡುತ್ತದೆ, ಡ್ರಮ್ಸ್ ಮಾತ್ರ ಏನೂ ಹೇಳುವುದಿಲ್ಲ. ರಿಂಗೊ ಕೆಲವು ದಿನ ಬಿಟ್ಟು ಸ್ಟುಡಿಯೋಕ್ಕೆ ವಾಪಸ್ ಬಂದಾಗ ಅವನ ಡ್ರಮ್ ಸೆಟ್ ತುಂಬ ಹೂವಿನ ಅಲಂಕಾರವಾಗಿತ್ತು. ನಮ್ಮ ಹಾಸ್ಟೆಲಿನಲ್ಲಿ ರಿಂಗೊನನ್ನು ಗೇಲಿ ಮಾಡಿದವರಿಗಿಂತ ಬೀಟಲ್ಸ್‌ನ ಉಳಿದ ಮೂವರಿಗೆ ಸಂಗೀತ ಸ್ವಲ್ಪ ಹೆಚ್ಚು ಗೊತ್ತಿತ್ತು ಎಂದೇ ನನ್ನ ಅಂದಾಜು.

ಮೆಟಾಲಿಕಾ ವಿಷಯ ಎತ್ತಿದರೆ ಈ ಬರಹ ಮುಗಿಯುವುದಿಲ್ಲ. ಒಂದೇ ಮಾತು: 1988ರ ಆಲ್ಬಮ್ಮಿನಲ್ಲಿ ಹೊಸದಾಗಿ ಸೇರಿದ ಜೇಸನ್ ನ್ಯೂಸ್ಟೆಡ್‌ನ ಬೇಸ್ ಗಿಟಾರನ್ನು ಕಿವಿಗೆ ಬೀಳದಷ್ಟು ತಗ್ಗಿಸಿ ಮಿಕ್ಸ್ ಮಾಡಿದ ತಂಡ ಅದು. ಕೈಗಳನ್ನು ಮುಚ್ಚಿಡುವ ಕಲೆಯಲ್ಲಿ ಅವರನ್ನು ಮೀರಿಸಿದವರಿಲ್ಲ. 2011ರ ಅಕ್ಟೋಬರ್ 30ರಂದು ಅರಮನೆ ಮೈದಾನದಲ್ಲಿ ಅವರನ್ನು ಕೇಳಿದ ಮೇಲೂ ನನ್ನ ಅಭಿಪ್ರಾಯ ಬದಲಾಗಿಲ್ಲ, ಕಾರ್ಯಕ್ರಮ ಮಾತ್ರ ಅದ್ಭುತವಾಗಿತ್ತು.

ಈಗ ನಮ್ಮ ಜಗಳವೆಲ್ಲ ವಾಟ್ಸ್ಆ್ಯಪ್ ಗುಂಪಿನಲ್ಲಿ. 2025ರ ಜನವರಿಯಲ್ಲಿ ಕೋಲ್ಡ್‌ಪ್ಲೇ ನವಿ ಮುಂಬಯಿಗೂ ಅಹಮದಾಬಾದಿಗೂ ಬಂದಾಗ ಹಾಸನದವನು ಮಗಳನ್ನು ಕರೆದುಕೊಂಡು ಅಹಮದಾಬಾದಿಗೆ ಹೋಗಿದ್ದ. ಲಕ್ಷ ದಾಟಿದ ಜನ, ಕೈಯಲ್ಲಿ ಮಿನುಗುವ ಪಟ್ಟಿಗಳು. ವಿಡಿಯೋ ಹಾಕಿದ ಐದು ನಿಮಿಷಕ್ಕೆ ಕಂಟೋನ್ಮೆಂಟಿನಿಂದ ಉತ್ತರ ಬಂತು: ಓವರ್‌ರೇಟೆಡ್. ಹಾಸನ ಬರೆದ: "ಟಿಕೆಟ್ ಸಿಗಲಿಲ್ವಾ ಗುರೂ?"

ಅಂಥ ಆಪಾದನೆಯನ್ನು, ಅಂದರೆ ಎಲ್ಲರಿಗೂ ಇಷ್ಟ, ಆದ್ದರಿಂದ ಸಣ್ಣದು ಎಂಬುದನ್ನು, ನಾನು ಒಪ್ಪುವುದಿಲ್ಲ. ಈಗಲ್ಸ್ ಕೇಳಿ, ಕೋಲ್ಡ್‌ಪ್ಲೇಯೂ ಕೇಳಿ, ನಾಚಿಕೊಳ್ಳಬೇಡಿ. ನನ್ನ ತಕರಾರು ಇರುವುದು ಒಂದು ಮುಖ ಇಡೀ ತಂಡವನ್ನು ನುಂಗಿಹಾಕುವ ಕಡೆ, ಆ ಲೆಕ್ಕದಲ್ಲಿ ನನ್ನ ಪಟ್ಟಿಯ ಮೊದಲ ಹೆಸರು ಡೋರ್ಸ್ ತಂಡದ ಜಿಮ್ ಮಾರಿಸನ್. ಹಾಸ್ಟೆಲಿನಲ್ಲಿ ಇದನ್ನು ಹೇಳಿದ್ದಕ್ಕೆ ನನ್ನ ಬಕೆಟ್ಟು ಮಾಯವಾಗಿತ್ತು. ಅಂಗಿಯಿಲ್ಲದ ಎದೆ, ಚಾಚಿದ ತೋಳಿನ ಆ ಚಿತ್ರ ಬ್ರಿಗೇಡ್ ರೋಡಿನ ಟೀ ಶರ್ಟುಗಳ ಮೇಲೆಲ್ಲ ಇತ್ತು. 1971ರಲ್ಲಿ ಪ್ಯಾರಿಸ್ಸಿನಲ್ಲಿ ಇಪ್ಪತ್ತೇಳಕ್ಕೇ ಸತ್ತದ್ದು ಅರ್ಧ ಕೆಲಸ ಮಾಡಿತ್ತು, 1991ರ ಆಲಿವರ್ ಸ್ಟೋನ್ ಸಿನಿಮಾ ಉಳಿದರ್ಧ ಮಾಡಿತು. ತಂಡದಲ್ಲೇ ಇದ್ದ ರೇ ಮಾನ್ಝರೆಕ್‌ಗೆ ಆ ಸಿನಿಮಾ ಸ್ವಲ್ಪವೂ ಹಿಡಿಸಲಿಲ್ಲ.

ವೇದಿಕೆಯ ಮೇಲೆ ಡೋರ್ಸ್‌ಗೆ ಬೇಸ್ ಗಿಟಾರಿನವನೇ ಇರಲಿಲ್ಲ. ಮಾನ್ಝರೆಕ್ ಬಲಗೈಯಲ್ಲಿ ಆರ್ಗನ್ ನುಡಿಸುತ್ತ, ಅದರ ನೆತ್ತಿಯ ಮೇಲಿಟ್ಟ ಪುಟ್ಟ ಕೀಬೋರ್ಡಿನಲ್ಲಿ ಎಡಗೈಯಿಂದ ಬೇಸ್ ಹೊರಡಿಸುತ್ತಿದ್ದ. ಇಬ್ಬರ ಕೆಲಸ, ಒಬ್ಬನ ಸಂಬಳ. 1967ರ ಜುಲೈನಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿದ 'ಲೈಟ್ ಮೈ ಫೈರ್' ಹಾಡನ್ನು ಬಹುಪಾಲು ಬರೆದವನು ಗಿಟಾರಿನ ರಾಬಿ ಕ್ರೀಗರ್. ರೇಡಿಯೋದವರಿಗಾಗಿ ಅದರ ನಡುಭಾಗವನ್ನು ಕತ್ತರಿಸಿ ಎಸೆದರು. ಎಸೆದದ್ದು ಮಾನ್ಝರೆಕ್ ಮತ್ತು ಕ್ರೀಗರ್ ಒಬ್ಬರಾದ ಮೇಲೊಬ್ಬರು ನುಡಿಸಿದ ಭಾಗವನ್ನು, ಉಳಿದದ್ದು ಹಾಡುಗಾರ. ಮಾರಿಸನ್ ಅಭಿಮಾನಿಗಳು ನನ್ನನ್ನು ಬೈಯುವುದಾದರೆ ಧಾರಾಳವಾಗಿ ಬೈಯಲಿ. ಅದಕ್ಕೂ ಮೊದಲು ಆಲ್ಬಮ್ಮಿನಲ್ಲಿರುವ ಪೂರ್ತಿ ಏಳು ನಿಮಿಷದ ಹಾಡನ್ನು ಹಾಕಿಕೊಂಡು ಕೂರಲಿ, ಅದರಲ್ಲಿ ಅವರ ದೇವರು ಎಷ್ಟು ನಿಮಿಷ ಬಾಯಿ ಮುಚ್ಚಿಕೊಂಡಿದ್ದಾನೆ ಎಂದು ಗಡಿಯಾರ ನೋಡಿ ಹೇಳಲಿ.